‘ಶುಡ್ ಯು’, ‘ಹ್ಯಾಡ್ ಐ’ ಎಂದು ಶುರುವಾದ ವಾಕ್ಯ ಪ್ರಶ್ನೆಯೇ? ನಿಜ ಏನು?

ಭದ್ರಾವತಿಯ ಮನೆಯೊಂದಕ್ಕೆ ವಿಮಾ ಪತ್ರ ಬಂದಿದೆ ಎಂದುಕೊಳ್ಳಿ. ಅದರಲ್ಲಿ ‘ಶುಡ್ ಯು ವಿಶ್ ಟು ಕ್ಯಾನ್ಸಲ್ ದ ಪಾಲಿಸಿ, ಪ್ಲೀಸ್ ಇನ್‌ಫಾರ್ಮ್ ಅಸ್ ಇನ್ ರೈಟಿಂಗ್’ ಎಂದಿದೆ. ‘ಶುಡ್ ಅಂದ್ರೆ ಬೇಕು ತಾನೆ? ಪಾಲಿಸಿ ರದ್ದು ಮಾಡಬೇಕಂತೆ!’ ಎಂದು ಅಪ್ಪ ಗಾಬರಿಯಾಗಿ ಫೋಟೊ ತೆಗೆದು ಶಿವಮೊಗ್ಗದಲ್ಲಿ ಓದುವ ಮಗಳಿಗೆ ಕಳಿಸುತ್ತಾರೆ. ‘ಪ್ರಶ್ನೆ ಥರ ಇದೆ, ಪ್ರಶ್ನಾರ್ಥಕ ಚಿಹ್ನೆ ಇಲ್ಲ. ತಪ್ಪು ಇಂಗ್ಲಿಷ್, ನಕಲಿ ಪತ್ರ ಇರಬೇಕಪ್ಪ’ ಎಂದು ಮಗಳ ಉತ್ತರ. ಇಬ್ಬರ ಊಹೆಯೂ ತಪ್ಪು.

ನಿಜ ಏನು?

ಆ ವಾಕ್ಯದ ಅರ್ಥ ಇಷ್ಟೇ: ‘ಪಾಲಿಸಿ ರದ್ದು ಮಾಡಲು ಬಯಸಿದರೆ ನಮಗೆ ಬರೆದು ತಿಳಿಸಿ.’ ಇಂಗ್ಲಿಷ್‌ನಲ್ಲಿ ‘ಇಫ್’ ಕೈಬಿಟ್ಟು, ಸಹಾಯಕ ಕ್ರಿಯಾಪದವನ್ನು ಕರ್ತೃವಿಗಿಂತ ಮುಂದೆ ತಂದರೂ ಷರತ್ತು ಹೇಳಬಹುದು. ಇದಕ್ಕೆ ‘ಇನ್‌ವರ್ಷನ್’ ಎನ್ನುತ್ತಾರೆ. ಕಚೇರಿ ಪತ್ರಗಳಲ್ಲಿ, ಗಂಭೀರ ಬರಹದಲ್ಲಿ ಇದು ಹೆಚ್ಚು. ಇಂದಿನ ಇಂಗ್ಲಿಷ್‌ನಲ್ಲಿ ಹೀಗೆ ಬರುವುದು ಮುಖ್ಯವಾಗಿ ಮೂರು ಪದಗಳು:

• ಶುಡ್: ‘ಶುಡ್ ಯು ನೀಡ್ ಹೆಲ್ಪ್, ಕಾಲ್ ಅಸ್’ – ಸಹಾಯ ಬೇಕಾದರೆ ಕರೆ ಮಾಡಿ.
• ಹ್ಯಾಡ್: ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್’ – ಗೊತ್ತಿದ್ದಿದ್ದರೆ ಬರುತ್ತಿದ್ದೆ.
• ವರ್: ‘ವರ್ ಐ ಇನ್ ಯುವರ್ ಪ್ಲೇಸ್, ಐ ವುಡ್ ವೇಟ್’ – ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕಾಯುತ್ತಿದ್ದೆ.

ನಮಗೆ ಇದು ಹೊಸದಲ್ಲ. ‘ಒಂದು ವೇಳೆ ಮಳೆ ಬಂದರೆ’ ಎನ್ನುವುದರಲ್ಲಿ ‘ಒಂದು ವೇಳೆ’ ಬಿಟ್ಟರೂ ಅರ್ಥ ಕೆಡುವುದಿಲ್ಲ. ‘ಬಂದರೆ’ಯ ‘ರೆ’ ಷರತ್ತನ್ನು ಹೇಳುತ್ತದೆ. ನಾವು ಪ್ರತ್ಯಯದಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ಇಲ್ಲಿ ಪದದ ಜಾಗ ಬದಲಿಸಿ ಮಾಡುತ್ತದೆ.

ಒತ್ತು ಕೊಡಲೂ ಇದೇ ದಾರಿ

‘ನೆವರ್’, ‘ಓನ್ಲಿ ದೆನ್’, ‘ನೋ ಸೂನರ್’ ಇಂಥವು ವಾಕ್ಯದ ಮೊದಲಿಗೆ ಬಂದಾಗಲೂ ಕ್ರಮ ತಿರುಗುತ್ತದೆ. ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್’ ಎಂದರೆ ‘ಇಂಥ ಮಳೆ ಕಂಡೇ ಇಲ್ಲ’. ‘ನೋ ಸೂನರ್ ಹ್ಯಾಡ್ ದ ಟ್ರೇನ್ ಲೆಫ್ಟ್ ಭದ್ರಾವತಿ ದ್ಯಾನ್ ಇಟ್ ರೇನ್ಡ್’ ಎಂದರೆ ‘ರೈಲು ಭದ್ರಾವತಿ ಬಿಟ್ಟಿತೋ ಇಲ್ಲವೋ, ಮಳೆ ಬಂತು’. ಸಹಾಯಕ ಕ್ರಿಯಾಪದ ಇಲ್ಲದಿದ್ದರೆ ‘ಡು’, ‘ಡಸ್’, ‘ಡಿಡ್’ ಸೇರುತ್ತದೆ: ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ – ಆಗಲೇ ನನಗೆ ಅರ್ಥವಾದದ್ದು.

ಪ್ರಶ್ನೆಯೋ ಷರತ್ತೋ, ತಿಳಿಯುವುದು ಹೇಗೆ?

ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ, ಅಲ್ಪವಿರಾಮದ ನಂತರ ‘ಹಾಗಾದರೆ ಹೀಗೆ’ ಎನ್ನುವ ಇನ್ನೊಂದು ಭಾಗ ಇದ್ದರೆ ಅದು ಷರತ್ತು. ಮೊದಲ ಪದ ‘ಶುಡ್’ ಆಗಿದ್ದರೆ ಅದರ ಜಾಗದಲ್ಲಿ ‘ಇಫ್’ ಇಟ್ಟು ಓದಿ ನೋಡಿ: ‘ಇಫ್ ಯು ನೀಡ್ ಹೆಲ್ಪ್’. ಅರ್ಥ ಕೂಡಿದರೆ ಮುಗಿಯಿತು. ನೀವೇ ಬರೆಯುವಾಗ ಒಂದು ಎಚ್ಚರ: ಇಂಥ ಷರತ್ತಿನಲ್ಲಿ ‘ಹ್ಯಾಡಂಟ್ ಐ ನೋನ್’ ಎನ್ನುವುದಿಲ್ಲ, ‘ಹ್ಯಾಡ್ ಐ ನಾಟ್ ನೋನ್’ ಎನ್ನಬೇಕು.

ತೀರ್ಮಾನ

‘ಶುಡ್ ಯು’ ಎಂದು ಶುರುವಾದ ಮಾತ್ರಕ್ಕೆ ಅದು ಆಜ್ಞೆಯೂ ಅಲ್ಲ, ತಪ್ಪು ಇಂಗ್ಲಿಷೂ ಅಲ್ಲ. ಹಾಗೆಂದು ವ್ಯಾಕರಣ ಸರಿಯಿದ್ದರೆ ಪತ್ರ ಅಸಲಿ ಎಂದೂ ನಂಬಬೇಡಿ. ಮೋಸಗಾರರೂ ಒಳ್ಳೆಯ ಇಂಗ್ಲಿಷ್ ಬರೆಯುತ್ತಾರೆ. ಪತ್ರದಲ್ಲಿರುವ ನಂಬರಿಗೆ ಕರೆ ಮಾಡುವ ಬದಲು, ನಿಮ್ಮ ಹಳೆಯ ಪಾಲಿಸಿ ದಾಖಲೆಯಲ್ಲಿರುವ ಶಾಖೆಯನ್ನೇ ಕೇಳಿ. ಫಾರ್ವರ್ಡ್ ಆಮೇಲೆ ಮಾಡಿದರಾಯಿತು.