ರಾತ್ರಿ ನಿಲ್ಲದ ಕಾಲುಗಳು: ಮದ್ದುಗಳ ಒಂದು ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದು ತಾಲ್ಲೂಕುಗಳ ಶಾಲೆ ಕಾಲೇಜುಗಳಲ್ಲಿ ವಿಜ್ಞಾನ ಉಪನ್ಯಾಸ ಕೊಡಲು ಹೋದಾಗಲೆಲ್ಲ ನನಗೆ ಒಂದು ಅನುಭವವಾಗುತ್ತದೆ. ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೆ ಯಾರಾದರೂ ಹತ್ತಿರ ಬಂದು, ಭೌತವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಯೊಂದನ್ನು ಕೇಳುತ್ತಾರೆ: 'ಸರ್, ರಾತ್ರಿ ಮಲಗಿದರೆ ಕಾಲು ಸುಮ್ಮನಿರುವುದಿಲ್ಲ. ಇದಕ್ಕೆ ನಾಟಿ ಔಷಧಿ ಒಳ್ಳೆಯದೋ, ಹೋಮಿಯೋಪತಿ ಒಳ್ಳೆಯದೋ?' ನಾನು ವೈದ್ಯನಲ್ಲ. ಆದರೆ ಈ ಕಾಟವನ್ನು ನಾನೂ ಉಂಡವನು, ನನಗಿಂತ ಮೊದಲು ನನ್ನ ತಾಯಿ ಉಂಡವಳು. ಆದ್ದರಿಂದ ಈ ಪ್ರಶ್ನೆಗೆ ಚರಿತ್ರೆಯ ಮೂಲಕ ಉತ್ತರ ಹುಡುಕೋಣ.

ಮೊದಲು ಕಾಯಿಲೆಯ ಗುರುತು ತಿಳಿಯೋಣ. ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆಯಲ್ಲಿ ಬಂದವರಿಗೂ ಕಾಲು ನೋಯುತ್ತದೆ. ಆದರೆ ಆ ನೋವು ನಡೆದದ್ದರಿಂದ ಬಂದದ್ದು, ವಿಶ್ರಾಂತಿಯಿಂದ ಇಳಿಯುತ್ತದೆ. ನಾವು ಹೇಳುತ್ತಿರುವ ಕಾಯಿಲೆ ಇದಕ್ಕೆ ತೀರ ವಿರುದ್ಧ. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಡ ಇದರ ಮೊದಲ ಲಕ್ಷಣ. ಅದು ವಿಶ್ರಾಂತಿಯಲ್ಲಿದ್ದಾಗ ಹೆಚ್ಚುತ್ತದೆ. ಎದ್ದು ನಡೆದಾಗ ಇಳಿಯುತ್ತದೆ. ಸಂಜೆ ಮತ್ತು ರಾತ್ರಿ ತೀವ್ರವಾಗುತ್ತದೆ. ಈ ನಾಲ್ಕೂ ಇದ್ದು, ಅವಕ್ಕೆ ಬೇರೆ ಕಾರಣ ಕಾಣದಿದ್ದರೆ ವೈದ್ಯರು ಅದನ್ನು 'ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್' ಎನ್ನುತ್ತಾರೆ. ನಾವು 'ಚಡಪಡಿಕೆಯ ಕಾಲು' ಎನ್ನಬಹುದು. ನನ್ನ ತಾಯಿ ಹೇಳುತ್ತಿದ್ದುದು, 'ಎಲುಬಿನಾಗ ಇರುವಿ ಹರಿದಾಡಿದಂಗ ಆಗ್ತೈತಪ್ಪ' ಎಂದು. ಕೂಡ್ಲಿಗಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ, 1980ರ ದಶಕದಲ್ಲಿ, ನಡುರಾತ್ರಿ ಅಂಗಳದಲ್ಲಿ ಆಕೆ ಅತ್ತಿಂದಿತ್ತ ತಿರುಗುವ ಸಪ್ಪಳ ಕೇಳುತ್ತಲೇ ನಾವು ಮಕ್ಕಳು ನಿದ್ದೆ ಹೋಗುತ್ತಿದ್ದೆವು.

ಅಫೀಮಿನಿಂದ ಕಬ್ಬಿಣದವರೆಗೆ

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಮಿದುಳಿನ ತಳದ ರಕ್ತನಾಳಗಳ ವರ್ತುಲಕ್ಕೆ ಇಂದಿಗೂ ಅವನ ಹೆಸರಿದೆ. 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹಾಸಿಗೆಗೆ ಹೋದೊಡನೆ ಕೈಕಾಲುಗಳ ಸೆಳೆತ ಮತ್ತು ಚಡಪಡಿಕೆಯಿಂದ ನಿದ್ದೆಯೇ ಇಲ್ಲದೆ ನರಳುವವರನ್ನು ಅವನು ವರ್ಣಿಸಿದ. ಅವನು ಕೊಟ್ಟ ಮದ್ದು ಅಫೀಮಿನ ದ್ರಾವಣ. ಅದು ಕೆಲಸ ಮಾಡಿತು. ಇಂದೂ ಬೇರೆ ಯಾವುದಕ್ಕೂ ಬಗ್ಗದ ತೀವ್ರ ಕಾಯಿಲೆಗೆ ಅದೇ ವರ್ಗದ ಔಷಧಿಗಳನ್ನು ತಜ್ಞರು ಎಚ್ಚರಿಕೆಯಿಂದ, ಕಡಿಮೆ ಪ್ರಮಾಣದಲ್ಲಿ ಬಳಸುತ್ತಾರೆ. ಆದರೆ ಕಾರಣ ಮಾತ್ರ ವಿಲ್ಲಿಸ್‌ಗೆ ತಿಳಿಯಲಿಲ್ಲ.

ಸುಮಾರು ಇನ್ನೂರು ವರ್ಷಗಳ ನಂತರ, 1861ರಲ್ಲಿ, ಜರ್ಮನಿಯ ವಿಟ್‌ಮಾಕ್ ಇದಕ್ಕೆ 'ಮೊಣಕಾಲ ಕೆಳಗಿನ ಕಳವಳ' ಎಂಬರ್ಥದ ಲ್ಯಾಟಿನ್ ಹೆಸರು ಕೊಟ್ಟು, ಇದನ್ನು ಮನೋವಿಕಾರಗಳ ಸಾಲಿಗೆ ಸೇರಿಸಿದ. ಇದರಿಂದ ರೋಗಿಗಳಿಗೆ ಉಪಕಾರವಾಗಲಿಲ್ಲ. 'ಎಲ್ಲ ನಿನ್ನ ಮನಸ್ಸಿನ ಭ್ರಮೆ' ಎಂಬ ಮಾತನ್ನು ಅವರು ಬಹುಕಾಲ ಕೇಳಬೇಕಾಯಿತು. ನನ್ನ ತಾಯಿಯೂ ಕೇಳಿದ್ದಾಳೆ.

1945ರಲ್ಲಿ ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್ಬೊಮ್ ಅನೇಕ ರೋಗಿಗಳನ್ನು ಪರೀಕ್ಷಿಸಿ ಒಂದು ಪೂರ್ಣ ಗ್ರಂಥವನ್ನೇ ಬರೆದರು. ಕಾಯಿಲೆಯ ಇಂದಿನ ಹೆಸರು ಅವರದೇ. ಗರ್ಭಿಣಿಯರಲ್ಲಿ, ರಕ್ತಹೀನತೆ ಇರುವವರಲ್ಲಿ ಇದು ಹೆಚ್ಚು ಎಂಬುದನ್ನೂ ಅವರು ಗಮನಿಸಿದರು. ಅದೇ ದೇಶದ ನಾರ್ಡ್‌ಲಾಂಡರ್ 1953ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗಳ ರಕ್ತನಾಳಕ್ಕೆ ಕಬ್ಬಿಣದ ಚುಚ್ಚುಮದ್ದು ಕೊಟ್ಟರು. ಬಹುಪಾಲು ಜನ ನೆಮ್ಮದಿಯಾಗಿ ನಿದ್ದೆ ಮಾಡಿದರು. ರಕ್ತದಲ್ಲಿ ಕಬ್ಬಿಣ ಸರಿಯಾಗಿದ್ದಂತೆ ಕಂಡರೂ ಅಂಗಾಂಶಗಳಲ್ಲಿ ಕೊರತೆ ಇರಬಹುದೆಂದು ಅವರು ಊಹಿಸಿದರು. 1953ರ ಅಕ್ಟೋಬರ್ 1ರಂದೇ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತ್ಯದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಅಂದರೆ ನಮ್ಮ ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಬಂದ ವರ್ಷದಲ್ಲೇ ಈ ಕಾಯಿಲೆಯ ಒಂದು ಮುಖ್ಯ ಕೀಲಿಕೈ ಲೋಕಕ್ಕೆ ಸಿಕ್ಕಿತ್ತು. ಮೂವತ್ತು ವರ್ಷ ಕಳೆದರೂ ಅದು ನಮ್ಮ ಅಂಗಳಕ್ಕೆ ಬಂದಿರಲಿಲ್ಲ.

ನಮ್ಮ ಮನೆಯ ಮದ್ದುಗಳು

ನಮ್ಮಲ್ಲಿ ಇದಕ್ಕೆ 'ವಾಯು' ಎಂಬ ಒಂದೇ ಉತ್ತರವಿತ್ತು. ಅಜ್ಜಿ ಹಳೆಯ ಸೀರೆಯ ಪಟ್ಟಿಯನ್ನು ತಾಯಿಯ ಮೀನಖಂಡಕ್ಕೆ ಬಿಗಿಯಾಗಿ ಕಟ್ಟುತ್ತಿದ್ದರು. ಬಿಸಿ ಮಾಡಿದ ಔಡಲ ಎಣ್ಣೆಯ ತಿಕ್ಕಾಟ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವುದು, ಮಕ್ಕಳಿಂದ ಕಾಲು ತುಳಿಸಿಕೊಳ್ಳುವುದು ಎಲ್ಲವೂ ನಡೆದವು. ಇವುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಒತ್ತಡ, ಶಾಖ, ತಿಕ್ಕಾಟಗಳು ಚರ್ಮ ಮತ್ತು ಸ್ನಾಯುಗಳಿಂದ ನರಗಳ ಮೂಲಕ ಬೇರೊಂದು ಸಂವೇದನೆಯನ್ನು ಮಿದುಳಿಗೆ ಕಳಿಸುತ್ತವೆ. ಅದರಿಂದ ಸ್ವಲ್ಪ ಹೊತ್ತು ಕಾಟ ತಗ್ಗುತ್ತದೆ. ಇಂದಿನ ವೈದ್ಯರೂ ಇಂಥವನ್ನು ಬೇಡವೆನ್ನುವುದಿಲ್ಲ. ಆದರೆ ಅವು ಆ ರಾತ್ರಿಯ ಮಟ್ಟಿಗೆ ಮಾತ್ರ.

ಇನ್ನೊಂದು ಸ್ವಾರಸ್ಯದ ಸಂಗತಿ ಇದೆ. ರಕ್ತಹೀನತೆಯನ್ನು ಹೋಲುವ 'ಪಾಂಡುರೋಗ'ಕ್ಕೆ ಚರಕಸಂಹಿತೆಯಲ್ಲಿ ಕಬ್ಬಿಣ ಮತ್ತು ಮಂಡೂರ ಸೇರಿದ ಔಷಧಿಗಳಿವೆ. ಮಂಡೂರವೆಂದರೆ ಕಬ್ಬಿಣದ ಕಿಟ್ಟ. ಅಂದರೆ ಮಾತು ಕಬ್ಬಿಣದ ಹತ್ತಿರಕ್ಕೆ ಬಂದಿತ್ತು. ಆದರೆ ಮುಖ ಬಿಳಚಿಕೊಳ್ಳುವುದಕ್ಕೂ ರಾತ್ರಿಯ ಕಾಲಿಗೂ ಸಂಬಂಧವಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ತಂದೆ ಹರಪನಹಳ್ಳಿಯಿಂದ ಬಿಳಿಯ ಸಿಹಿ ಗುಳಿಗೆಗಳನ್ನು ತಂದರು. ಕೊಟ್ಟವರು ಹಣ ಮುಟ್ಟದ ಸಜ್ಜನರು. ತಾಯಿಗೆ ಕೆಲವು ವಾರ ಹಿತವೆನಿಸಿತು, ಮತ್ತೆ ಅಂಗಳದ ತಿರುಗಾಟ ಮೊದಲಾಯಿತು.

ಹಾನಿಮನ್ ಮತ್ತು ಅವೊಗಾಡ್ರೊ

ಹೋಮಿಯೋಪತಿಯ ಜನಕ ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್. 1790ರಲ್ಲಿ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ ನೋಡಿ, ರೋಗದಂಥ ಲಕ್ಷಣ ಹುಟ್ಟಿಸುವ ವಸ್ತುವೇ ಆ ರೋಗಕ್ಕೆ ಮದ್ದು ಎಂಬ ತತ್ತ್ವದತ್ತ ಅವನು ಹೊರಳಿದ. ಅವನ ಮುಖ್ಯ ಗ್ರಂಥ ಬಂದದ್ದು 1810ರಲ್ಲಿ. ರೋಗಿಯ ರಕ್ತ ಹರಿಸುವುದೇ ಚಿಕಿತ್ಸೆಯಾಗಿದ್ದ ಆ ದಿನಗಳಲ್ಲಿ ಅವನ ಸೌಮ್ಯ ಗುಳಿಗೆಗಳು ಎಷ್ಟೋ ಜನರನ್ನು ವೈದ್ಯರ ಅಪಾಯದಿಂದ ಉಳಿಸಿರಬೇಕು. 1880ರಲ್ಲಿ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಹಂಚತೊಡಗಿದರು. ಇಂದಿನ ದೊಡ್ಡ ಆಸ್ಪತ್ರೆ ಬೆಳೆದದ್ದು ಅಲ್ಲಿಂದಲೇ.

ಕಾಲಿನ ಚಡಪಡಿಕೆಗೆ ಹೋಮಿಯೋಪತಿಯ ಪುಸ್ತಕಗಳು ಹೇಳುವ ಪ್ರಸಿದ್ಧ ಮದ್ದು ಸತುವಿನಿಂದ ಮಾಡಿದ 'ಜಿಂಕಂ ಮೆಟಾಲಿಕಂ'. ಸೀಸೆಯ ಮೇಲೆ 30 ಎಂದಿದ್ದರೆ, ಒಂದು ಭಾಗವನ್ನು 99 ಭಾಗದಲ್ಲಿ ಬೆರೆಸುವ ಕೆಲಸವನ್ನು 30 ಸಲ ಮಾಡಲಾಗಿದೆ ಎಂದರ್ಥ. ಹಾಗಾದರೆ ಮೂಲವಸ್ತುವಿನ ಪಾಲು 1ರ ಮುಂದೆ 60 ಸೊನ್ನೆ ಬರೆದ ಸಂಖ್ಯೆಯಲ್ಲಿ ಒಂದು. ಈಗ ನೀವೇ ಲೆಕ್ಕ ಹಾಕಿ. ಒಂದು ಗ್ರಾಂ ಸತುವಿನಲ್ಲಿರುವ ಪರಮಾಣುಗಳು ಸುಮಾರು 9ರ ಮುಂದೆ 21 ಸೊನ್ನೆಯಷ್ಟು. ಆದ್ದರಿಂದ ಒಂದು ಗ್ರಾಮಿನಷ್ಟು ಮದ್ದಿನಲ್ಲಿ ಸತುವಿನ ಒಂದು ಪರಮಾಣು ಉಳಿಯುವ ಭರವಸೆಯೂ 11ನೆಯ ಹಂತಕ್ಕೇ ಮುಗಿಯುತ್ತದೆ. 30ನೆಯ ಹಂತದ ಮದ್ದಿನಲ್ಲಿ ಸತುವಿನ ಒಂದೇ ಒಂದು ಪರಮಾಣು ಸಿಗಬೇಕಾದರೆ, ನಾವು ನುಂಗಬೇಕಾದ ಗುಳಿಗೆಗಳ ತೂಕ ಐವತ್ತು ಸಾವಿರಕ್ಕೂ ಹೆಚ್ಚು ಸೂರ್ಯರಷ್ಟಾಗುತ್ತದೆ!

ಹಾನಿಮನ್‌ಗೆ ಈ ಲೆಕ್ಕ ತಿಳಿಯಲು ಸಾಧ್ಯವಿರಲಿಲ್ಲ. ಅವೊಗಾಡ್ರೊ ತನ್ನ ಊಹೆಯನ್ನು ಮುಂದಿಟ್ಟದ್ದು 1811ರಲ್ಲಿ. ಅಣುಗಳ ಗಾತ್ರವನ್ನು ಲೋಷ್ಮಿಟ್ ಮೊದಲು ಅಂದಾಜು ಮಾಡಿದ್ದು 1865ರಲ್ಲಿ. ಕಲ್ಕತ್ತೆಯ ಪ್ರಖ್ಯಾತ ವೈದ್ಯ ಮಹೇಂದ್ರಲಾಲ್ ಸರ್ಕಾರ್ 1867ರಲ್ಲಿ ಹೋಮಿಯೋಪತಿಗೆ ಬಂದರು. 1876ರಲ್ಲಿ ಅವರೇ ಕಟ್ಟಿದ ವಿಜ್ಞಾನ ಸಂಸ್ಥೆಯಲ್ಲಿ, 1928ರಲ್ಲಿ, ಅಣುಗಳು ಬೆಳಕನ್ನು ಚದರಿಸುವ ರಾಮನ್ ಪರಿಣಾಮ ಬೆಳಕಿಗೆ ಬಂತು. ಸರ್ಕಾರರನ್ನು ನಾವು ಗೌರವಿಸಬೇಕಾದ್ದು ಅವರು ನಂಬಿದ ಗುಳಿಗೆಗಾಗಿ ಅಲ್ಲ, ಪರೀಕ್ಷಿಸಿ ನೋಡುವ ಮನೆಯೊಂದನ್ನು ಕಟ್ಟಿಕೊಟ್ಟದ್ದಕ್ಕಾಗಿ.

ಎರಡು ಸೀಸೆಗಳ ಪ್ರಯೋಗ

ಇಷ್ಟೆಲ್ಲ ತಿಳಿದ ನಾನು, ಐವತ್ತು ದಾಟಿದ ಮೇಲೆ ನನಗೂ ಇದೇ ಕಾಟ ಶುರುವಾದಾಗ ಏನು ಮಾಡಿದೆ? ಅದೇ ಸತುವಿನ ಗುಳಿಗೆ ತಂದೆ. ನಿದ್ದೆ ಕೆಟ್ಟವನಿಗೆ ಲೆಕ್ಕ ನೆನಪಿರುವುದಿಲ್ಲ. ಮೊದಲ ಹದಿನೈದು ದಿನ ಖಂಡಿತ ಸುಧಾರಿಸಿತು. ಆಗ ನನ್ನೊಳಗಿನ ಮೇಷ್ಟ್ರು ಎಚ್ಚರವಾದ. ಒಂದೇ ತರಹದ ಎರಡು ಸೀಸೆಗಳಲ್ಲಿ ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಔಷಧಿ ಸೇರಿಸದ ಸಕ್ಕರೆ ಗುಳಿಗೆ ತುಂಬಿ, ವಾರಕ್ಕೊಮ್ಮೆ ನಾಣ್ಯ ಚಿಮ್ಮಿ ಯಾವುದಾದರೂ ಒಂದನ್ನು ನನಗೆ ಕೊಡುವಂತೆ ಪತ್ನಿಗೆ ಹೇಳಿದೆ. ಯಾವುದು ಯಾವುದೆಂದು ಆಕೆ ಬರೆದಿಟ್ಟುಕೊಂಡಳು, ನನಗೆ ಹೇಳಲಿಲ್ಲ. ರಾತ್ರಿ ಎಷ್ಟು ಸಲ ಎದ್ದೆನೆಂದು ನಾನು ದಿನವೂ ಗುರುತು ಹಾಕಿದೆ. ಹತ್ತು ವಾರಗಳ ನಂತರ ಎರಡೂ ಪಟ್ಟಿಗಳನ್ನು ಜೋಡಿಸಿದೆವು. ವ್ಯತ್ಯಾಸವೇ ಇರಲಿಲ್ಲ. ಗುಳಿಗೆ ತೆಗೆದುಕೊಳ್ಳುವ ಮುಂಚಿನ ದಿನಗಳಿಗಿಂತ ಎರಡರಲ್ಲೂ ಕಾಟ ಸ್ವಲ್ಪ ಕಡಿಮೆಯೇ ಇತ್ತು.

ಒಬ್ಬನ ಮೇಲಿನ ಪ್ರಯೋಗದಿಂದ ಒಂದು ಪದ್ಧತಿಯನ್ನೇ ಅಳೆಯಲಾಗದು, ನಿಜ. ಆದರೆ ಈ ಕಾಯಿಲೆಯ ಔಷಧಿಗಳನ್ನು ಕುರಿತ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಇದೇ ಮಾತು ಹೇಳುತ್ತದೆ: ಔಷಧಿಯೇ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಗಣನೀಯ ಗುಣ ಕಂಡಿತ್ತು. ತಾನಾಗಿ ಏರಿಳಿಯುವ ಕಾಯಿಲೆಯಲ್ಲಿ, ತೀರ ಹೆಚ್ಚಾದಾಗ ಮದ್ದು ತೆಗೆದುಕೊಂಡರೆ ಇಳಿತದ ಕೀರ್ತಿ ಮದ್ದಿಗೇ ಹೋಗುತ್ತದೆ. ಆದ್ದರಿಂದ 'ನನಗೆ ಗುಣವಾಯಿತು' ಎಂಬ ಮಾತು ಸುಳ್ಳಲ್ಲ. 'ಈ ಮದ್ದಿನಿಂದಲೇ ಗುಣವಾಯಿತು' ಎಂಬುದಕ್ಕೆ ಬೇರೆ ಪುರಾವೆ ಬೇಕು.

ಗುಡ್ಡದಲ್ಲಿದ್ದ ಕಬ್ಬಿಣ, ರಕ್ತದಲ್ಲಿರಲಿಲ್ಲ

ಆಮೇಲೆ ವೈದ್ಯರ ಬಳಿ ಹೋದೆ. ಅವರು ಮಾಡಿಸಿದ್ದು ಫೆರಿಟಿನ್ ಪರೀಕ್ಷೆ. ಫೆರಿಟಿನ್ ಎಂಬುದು ದೇಹದ ಕಬ್ಬಿಣದ ಉಗ್ರಾಣ. ನನ್ನ ಉಗ್ರಾಣ ಬರಿದಾಗಿತ್ತು. ಅವರು ಕೇಳಿದ ಮುಂದಿನ ಪ್ರಶ್ನೆ ನನ್ನನ್ನು ಬೆಚ್ಚಿಸಿತು: 'ಗಂಡಸರಿಗೆ ಈ ವಯಸ್ಸಿನಲ್ಲಿ ಕಬ್ಬಿಣ ಎಲ್ಲಿ ಸೋರಿಹೋಗುತ್ತಿದೆ?' ಪರೀಕ್ಷಿಸಿದಾಗ ಜಠರದಲ್ಲಿ ಹುಣ್ಣು ಕಂಡಿತು. ಮಂಡಿನೋವಿಗೆಂದು ನಾನೇ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಗಳ ಫಲ ಅದು. ನಾನು ಗುಳಿಗೆಗಳ ಲೆಕ್ಕ ಇಡುತ್ತಿದ್ದ ಅಷ್ಟೂ ದಿನ ಒಳಗೆ ರಕ್ತ ಜಿನುಗುತ್ತಿತ್ತು. ಸಕ್ಕರೆ ಗುಳಿಗೆಯಿಂದ ಅಪಾಯವಿಲ್ಲ ಎನ್ನುವವರಿಗೆ ನನ್ನ ಉತ್ತರ ಇದು: ಗುಳಿಗೆಯಲ್ಲಿ ಅಪಾಯವಿರಲಿಲ್ಲ, ಕಳೆದುಹೋದ ಕಾಲದಲ್ಲಿತ್ತು. ಹುಣ್ಣು ಮಾಯ್ದು, ಕಬ್ಬಿಣದ ಔಷಧಿ ಕೆಲವು ತಿಂಗಳು ನಡೆದ ಮೇಲೆ ಕಾಲುಗಳು ಶಾಂತವಾದವು.

ಕಬ್ಬಿಣಕ್ಕೂ ಕಾಲಿಗೂ ಏನು ಸಂಬಂಧ? ನಮ್ಮ ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಮಿದುಳು ತಯಾರಿಸುವಾಗ ಒಂದು ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ರಕ್ತದಲ್ಲಿನ ಕಬ್ಬಿಣ ರಾತ್ರಿ ಹೊತ್ತು ಸಹಜವಾಗಿಯೇ ಇಳಿಯುತ್ತದೆ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕಾಂತೀಯ ಅನುರಣನ ಚಿತ್ರಣದಿಂದ ಮಿದುಳನ್ನು ಅಳೆದಾಗ, ಈ ರೋಗಿಗಳ ಮಿದುಳಿನ ನಿರ್ದಿಷ್ಟ ಭಾಗದಲ್ಲಿ ಕಬ್ಬಿಣ ಕಡಿಮೆ ಇರುವುದು ಕಂಡಿತು. ನಾರ್ಡ್‌ಲಾಂಡರ್ ಊಹೆಗೆ ಭೌತವಿಜ್ಞಾನದ ಉಪಕರಣವೇ ಬೆಂಬಲ ಕೊಟ್ಟಿತು. 2007ರಲ್ಲಿ ಇದರ ಕೆಲವು ಆನುವಂಶಿಕ ಕಾರಣಗಳೂ ತಿಳಿದವು. ತಾಯಿಯ ಕಾಟ ಮಗನಿಗೆ ಬಂದದ್ದು ಆಕಸ್ಮಿಕವಲ್ಲ.

ನಮ್ಮ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡು. ಕೂಡ್ಲಿಗಿಗೆ ಹೊಂದಿಕೊಂಡ ಸಂಡೂರಿನ ಗುಡ್ಡಗಳ ಅದಿರು ಸಮುದ್ರ ದಾಟಿ ಹೋಗಿದೆ. ಆದರೆ ಕರಗದ ಆ ಕಬ್ಬಿಣ ನಮ್ಮ ಕರುಳಿಗೆ ದಕ್ಕುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇತ್ತು.

ನೀವು ಮಾಡಬಹುದಾದದ್ದು

ಕಾಲಿನ ಚಡಪಡಿಕೆಗೆಲ್ಲ ಕಬ್ಬಿಣದ ಕೊರತೆಯೇ ಕಾರಣವಲ್ಲ. ಮೂತ್ರಪಿಂಡದ ಕಾಯಿಲೆ, ಗರ್ಭಾವಸ್ಥೆ, ನೆಗಡಿ ಮತ್ತು ವಾಂತಿಗೆ ಕೊಡುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಔಷಧಿಗಳು ಕೂಡ ಇದನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೊದಲು ವೈದ್ಯರನ್ನು ಕಂಡು ಫೆರಿಟಿನ್ ಪರೀಕ್ಷೆಯ ಮಾತೆತ್ತಿ. ಹಿಮೋಗ್ಲೋಬಿನ್ ಸರಿಯಿದ್ದರೂ ಉಗ್ರಾಣ ಬರಿದಾಗಿರಬಹುದು. ಈ ಕಾಯಿಲೆಯಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ವಿಚಾರವನ್ನು ತಜ್ಞರು ಮಾಡುತ್ತಾರೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನಾಗಲಿ ಭಸ್ಮವನ್ನಾಗಲಿ ನುಂಗಬೇಡಿ; ಹೆಚ್ಚಾದ ಕಬ್ಬಿಣವೂ ವಿಷವೇ. ಊಟದ ಜೊತೆ ಚಹಾ ಬಿಡಿ, ಪಲ್ಯಕ್ಕೆ ನಿಂಬೆ ಹಿಂಡಿ, ಅಟ್ಟ ಸೇರಿದ ಕಬ್ಬಿಣದ ಬಾಣಲೆಯನ್ನು ಕೆಳಗಿಳಿಸಿ. ಔಡಲ ಎಣ್ಣೆಯ ತಿಕ್ಕಾಟ ಹಿತವೆನಿಸಿದರೆ ಅದೂ ನಡೆಯಲಿ.

ನನ್ನ ತಾಯಿ ಈಗಿಲ್ಲ. ಆಕೆಯ ರಕ್ತವನ್ನು ಯಾರೂ ಒಮ್ಮೆಯೂ ಪರೀಕ್ಷಿಸಲಿಲ್ಲ. ಆದ್ದರಿಂದ ಆಕೆಯ ಕಾಟಕ್ಕೆ ಕಾರಣ ಕಬ್ಬಿಣವೇ ಎಂದು ನಾನು ಹೇಳಲಾರೆ. ಅಳೆಯದೆ ಹೇಳುವುದು ವಿಜ್ಞಾನವಲ್ಲ. ಆದರೆ ನಿಮ್ಮ ಮನೆಯ ಅಂಗಳದಲ್ಲಿ ನಡುರಾತ್ರಿ ಯಾರಾದರೂ ತಿರುಗಾಡುತ್ತಿದ್ದರೆ ನೀವು ಅಳೆಯಿಸಬಹುದು. ಅದಕ್ಕೆ ಬೇಕಾದದ್ದು ಸ್ವಲ್ಪ ರಕ್ತ ಮತ್ತು ಒಂದು ಬೆಳಗಿನ ಹೊತ್ತು ಮಾತ್ರ.