ಫಿಲಾರೆ

ಇಟಾಲಿಯನ್ ಭಾಷೆಯ ಕ್ರಿಯಾಪದ; ಅರ್ಥ ‘ನೂಲು ತೆಗೆ’. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ (ಹಿಂದಿನ ವಡಿಗೇನಹಳ್ಳಿ) ರೇಷ್ಮೆ ಊರುಗಳಲ್ಲಿ ಗೂಡಿನಿಂದ ನೂಲು ತೆಗೆಯುವ ಘಟಕಕ್ಕೆ ಹೇಳುವ ‘ಫಿಲೇಚರ್’ ಇದೇ ಕುಲದ್ದು. ಆದರೆ ಅದು ಬಂದದ್ದು ಇಟಲಿಯಿಂದ ನೇರವಾಗಿ ಅಲ್ಲ, ಫ್ರೆಂಚ್‌ನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ.

ಮೂಲ ಲ್ಯಾಟಿನ್‌ನ ‘ಫೀಲುಂ’, ಅಂದರೆ ದಾರ. ಹಳೆಯ ಲ್ಯಾಟಿನ್‌ನಲ್ಲಿ ನೂಲುವುದಕ್ಕೆ ‘ನೇರೆ’ ಎಂಬ ಬೇರೆಯೇ ಧಾತುವಿತ್ತು. ದಾರದ ಹೆಸರಿನಿಂದ ‘ಫಿಲಾರೆ’ ಹುಟ್ಟಿದ್ದು ಆಮೇಲಿನ ಕಾಲದಲ್ಲಿ. ಇಟಾಲಿಯನ್ ಅದನ್ನು ಹಾಗೇ ಉಳಿಸಿಕೊಂಡಿತು. ಸ್ಪ್ಯಾನಿಷ್‌ನಲ್ಲಿ ಮೊದಲಕ್ಷರದ ಉಚ್ಚಾರಣೆ ಬಿದ್ದುಹೋಗಿ ‘ಇಲಾರ್’ ಆಯಿತು. ಇಂದಿನ ಇಟಲಿಯಲ್ಲಿ ಕರಗಿದ ಚೀಸ್ ಎಳೆಯೆಳೆಯಾಗಿ ಬಂದರೂ ಫಿಲಾರೆ, ಗಾಡಿ ಸರಾಗವಾಗಿ ಓಡಿದರೂ ಫಿಲಾರೆ. ಮಕ್ಕಳಿಗೆ ‘ಫೀಲಾ!’ ಎಂದು ಗದರಿದರೆ ‘ನಡಿ ಇಲ್ಲಿಂದ’ ಎಂದರ್ಥ. ನಮ್ಮ ಕಚೇರಿಗಳ ‘ಫೈಲು’ ಕೂಡ ದಾರದ ಸಂತಾನವೇ: ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದ ಕಾಲದ ಹೆಸರು ಅದು.

ಮೈಸೂರು ಸೀಮೆಗೂ ಇಟಲಿಗೂ ರೇಷ್ಮೆಯ ನಂಟು ಹಳೆಯದು. 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವರು ಕೆಂಗೇರಿಯಲ್ಲಿ ಉಗಿಯಂತ್ರದ ಫಿಲೇಚರ್ ಹೂಡಿದರು. ಹುಳುಗಳು ಸಾಯುತ್ತಲೇ ಹೋದುದರಿಂದ ಅದು ನಿಂತಿತು. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿಕೊಂಡಿತು.

ವಿಚಿತ್ರವೆಂದರೆ, ಫಿಲೇಚರ್‌ನಲ್ಲಿ ಯಾರೂ ನೂಲುವುದಿಲ್ಲ. ಆ ಕೆಲಸವನ್ನು ಹುಳು ಆಗಲೇ ಮುಗಿಸಿರುತ್ತದೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಅಂಟು ಸಡಿಲಿಸಿ, ಎಳೆಯ ತುದಿ ಹುಡುಕಿ, ಎಂಟು-ಹತ್ತು ಗೂಡುಗಳ ಎಳೆ ಕೂಡಿಸಿ ರಾಟೆಗೆ ಸುತ್ತುವುದಷ್ಟೇ ಇಲ್ಲಿಯ ಕೆಲಸ. ಒಂದು ಗೂಡು ಬರಿದಾದರೆ ಕೂಡಲೇ ಇನ್ನೊಂದರ ಎಳೆ ಸೇರಿಸಬೇಕು. ಹತ್ತಿಗೆ ‘ನೂಲು’, ರೇಷ್ಮೆಗೆ ‘ಬಿಚ್ಚು’ ಎಂದು ಕನ್ನಡ ಇವೆರಡನ್ನು ಬೇರೆ ಮಾಡಿದೆ; ‘ನೂಲು ಬಿಚ್ಚಾಣಿಕೆ’ ಇಲಾಖೆಯ ಕಡತದಲ್ಲೂ ರೀಲರುಗಳ ಬಾಯಲ್ಲೂ ಇರುವ ಮಾತು. ಇಟಲಿಯವರಿಗೂ ಈ ಭೇದ ಗೊತ್ತು. ಅವರು ಕೆಲಸವನ್ನು ‘ಎಳೆ’ ಎಂಬರ್ಥದ ‘ತ್ರಾರೆ’ ಧಾತುವಿನಿಂದ ‘ತ್ರತ್ತೂರಾ’ ಎನ್ನುತ್ತಾರೆ. ಕಾರ್ಖಾನೆಗೆ ಮಾತ್ರ ‘ಫಿಲಾಂದಾ’ ಎಂಬ ಹೆಸರೇ ನಿಂತಿದೆ. ರೇಷ್ಮೆಯಲ್ಲಿ ಫಿಲಾರೆ ಅಕ್ಷರಶಃ ಸಲ್ಲುವುದು ತೂತಾದ ಗೂಡು, ಕೆಟ್ಟ ಎಳೆಗಳನ್ನು ಹತ್ತಿಯಂತೆ ಹಿಂಜಿ ನೂಲುವಲ್ಲಿ. ಚನ್ನಪಟ್ಟಣದ ಸ್ಪನ್ ಸಿಲ್ಕ್ ಗಿರಣಿ ಮಾಡುತ್ತಿದ್ದುದು ಆ ಕೆಲಸ.