ರಸಪರಿತ್ಯಾಗ: ವ್ರತವೂ ಪಥ್ಯವೂ

ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಶ್ರಾವಕರ ಮನೆಗಳಲ್ಲಿ ಊಟದ ಹೊತ್ತಿಗೆ ಒಂದು ಮಾತು ಇಂದು ಮತ್ತೆ ಮತ್ತೆ ಕೇಳಿಬರುತ್ತದೆ: “ನನಗೆ ಸಿಹಿ ಬೇಡ, ತುಪ್ಪ ಬೇಡ.” ಮಧುಮೇಹವೆಂದೋ ರಕ್ತದಲ್ಲಿ ಕೊಲೆಸ್ಟರಾಲ್ ಏರಿದೆಯೆಂದೋ ವೈದ್ಯರು ಎಚ್ಚರಿಸಿರುತ್ತಾರೆ. ಹೇಳುವವರಿಗೆ ಸಂಕೋಚ, ಬಡಿಸುವವರಿಗೆ ಬೇಸರ. ಆದರೆ ‘ಬೇಡ’ ಎಂಬ ಈ ಮಾತು ನಮ್ಮ ಪರಂಪರೆಗೆ ಹೊಸದಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ 6 ಬಾಹ್ಯ ತಪಗಳನ್ನು ಹೇಳಿದೆ. ಹಸಿವೆಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ರಸಪರಿತ್ಯಾಗವೂ ಅವುಗಳಲ್ಲಿ ಸೇರಿವೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವು 6 ರಸಗಳು. ಇವುಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದೇ ರಸಪರಿತ್ಯಾಗ. ಇಂದ್ರಿಯಗಳ ಸೊಕ್ಕನ್ನು ಅಡಗಿಸಲು, ನಿದ್ರೆಯನ್ನು ಗೆಲ್ಲಲು, ಸ್ವಾಧ್ಯಾಯ ಸುಗಮವಾಗಲು ಈ ತಪವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಂದಿನ ವೈದ್ಯರು ಮಿತಗೊಳಿಸಲು ಹೇಳುವ ಸಕ್ಕರೆ, ತುಪ್ಪ, ಎಣ್ಣೆ, ಉಪ್ಪುಗಳು ಈ ಪಟ್ಟಿಯಲ್ಲೇ ಇವೆ. ಆಚಾರ್ಯರ ಗುರಿ ಆತ್ಮಶುದ್ಧಿ, ವೈದ್ಯರ ಗುರಿ ದೇಹರಕ್ಷಣೆ. ಗುರಿ ಬೇರೆಯಾದರೂ ಬೇಕಾದ ಮನೋಬಲ ಒಂದೇ.

ಕನ್ನಡ ನಾಡಿನ ಜೈನರು ರುಚಿಯನ್ನು ಹಳಿದವರಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಧಾನಕ್ಕೂ ವೈದ್ಯಕ್ಕೂ ಸ್ಥಾನವಿದೆ. 16ನೆಯ ಶತಮಾನದ 3ನೆಯ ಮಂಗರಸನು ಸೂಪಶಾಸ್ತ್ರವನ್ನೇ ಬರೆದು ಭಕ್ಷ್ಯ, ಪಾನಕ, ಬದನೆ, ಹಲಸುಗಳ ಅಡುಗೆಯನ್ನು ವರ್ಣಿಸಿದನು. ಇತ್ತ 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥ ರಚಿಸಿ, ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ನೃಪತುಂಗನ ಸಭೆಯಲ್ಲಿ ವಾದಿಸಿದರು. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದನು. ಅದರ ಚಿಕಿತ್ಸೆಯೂ ಮದ್ಯ-ಮಾಂಸಗಳಿಂದ ದೂರವಾದುದು. ಹೀಗೆ ಅಡುಗೆಯೂ ವೈದ್ಯವೂ ಸಂಯಮದ ನೆರಳಿನಲ್ಲೇ ಬೆಳೆದವು.

ಪ್ರಮೇಹದ ಪರಿಚಯವೂ ಪ್ರಾಚೀನರಿಗಿತ್ತು. ಕುಳಿತಲ್ಲೇ ಇರುವ ಸುಖ, ಅತಿನಿದ್ರೆ, ಮೊಸರು-ಹಾಲು, ಹೊಸ ಧಾನ್ಯ, ಬೆಲ್ಲದ ತಿನಿಸು ಇವನ್ನು ಚರಕಸಂಹಿತೆ ಅದರ ಕಾರಣಗಳಲ್ಲಿ ಎಣಿಸಿ, ಜವೆಗೋಧಿಯನ್ನು ಪಥ್ಯವಾಗಿ ಹೇಳಿದೆ.

ಆದರೆ ನಾವು ತ್ಯಾಗದ ಹೆಸರಿನಲ್ಲಿ ತಪ್ಪುವುದೂ ಉಂಟು. ಸಕ್ಕರೆ ಬಿಟ್ಟು ಬೆಲ್ಲ ತಿಂದರೂ ರಕ್ತದ ಸಕ್ಕರೆ ಏರುತ್ತದೆ. ತುಪ್ಪ ಬಿಟ್ಟು ಕರಿದದ್ದನ್ನು ತಿಂದರೆ ಜಿಡ್ಡು ತಪ್ಪಲಿಲ್ಲ. ಉಪ್ಪು ತೊರೆದ ದಿನ ಸಿಹಿಯನ್ನು ಇಮ್ಮಡಿ ಮಾಡಿದರೆ ರಸ ಬದಲಾಯಿತೇ ಹೊರತು ಆಸೆ ಬದಲಾಗಲಿಲ್ಲ. ರಾಗಿಮುದ್ದೆಗೂ ಅನ್ನಕ್ಕೂ ಅಳತೆ ಬೇಕು. ತಟ್ಟೆಯಲ್ಲಿ ಹೆಸರುಕಾಳು, ಹೀರೆ, ಪಡವಲ, ಸೋರೆ, ಸೊಪ್ಪುಗಳ ಪಾಲು ಹೆಚ್ಚಲಿ.

ಇನ್ನೊಂದು ಗಂಭೀರ ವಿಷಯವಿದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಉಪವಾಸ, ಏಕಾಶನಗಳನ್ನು ಕೈಗೊಂಡಾಗ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಸೂರ್ಯಾಸ್ತದಿಂದ ಬೆಳಗಿನವರೆಗಿನ ದೀರ್ಘ ಅಂತರವನ್ನೂ ವೈದ್ಯರಿಗೆ ಮುಂಚಿತವಾಗಿ ತಿಳಿಸಿ ಔಷಧದ ಪ್ರಮಾಣ ಮತ್ತು ವೇಳೆಯನ್ನು ನಿಗದಿಪಡಿಸಿಕೊಳ್ಳಬೇಕು. ಬೆವರು, ನಡುಕ, ತಲೆಸುತ್ತು ಬಂದಾಗ ವ್ರತ ಮುರಿಯಿತೆಂದು ಅಂಜಿ ಸುಮ್ಮನಿರಬಾರದು. ಕೂಡಲೇ ಸಕ್ಕರೆ ಸೇವಿಸಬೇಕು. ತಪವನ್ನು ಶಕ್ತಿಗನುಗುಣವಾಗಿ ಆಚರಿಸಬೇಕೆಂದೇ ಶಾಸ್ತ್ರದ ಅಭಿಪ್ರಾಯ.

ಬಸದಿಗಳ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಸಾಮೂಹಿಕ ಭೋಜನದಲ್ಲಿ ಹೋಳಿಗೆ-ಪಾಯಸಗಳ ಜೊತೆಗೆ ಕೋಸಂಬರಿ, ಪಲ್ಯ, ಎಣ್ಣೆ ಕಡಿಮೆಯಾದ ಸಾರು ಧಾರಾಳವಾಗಿರಲಿ. ಬೇಡವೆಂದ ಹಿರಿಯರಿಗೆ “ಇವತ್ತೊಂದು ದಿನ” ಎಂದು ಸಿಹಿ ಬಡಿಸುವ ಪ್ರೀತಿ ಪ್ರೀತಿಯಲ್ಲ. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆಯನ್ನು 3 ಬಗೆಯಾಗಿ ಕಂಡ ಧರ್ಮ ನಮ್ಮದು. ಒಬ್ಬರ ನಿಯಮಭಂಗದಲ್ಲಿ ಒತ್ತಾಯಿಸಿ ಬಡಿಸಿದವನಿಗೂ ಪಾಲಿದೆ. ಬೇಡವೆಂದವರ ಎಲೆಯ ಮುಂದೆ ಸೌಟನ್ನು ತಡೆದು ಮುಂದೆ ಸಾಗುವುದೂ ಅಹಿಂಸೆಯೇ.